ನಗರದ ಜಮೀನು ಮಾರುವ ಮುನ್ನ ಕೇಳಬೇಕಾದ ಲೆಕ್ಕ

ಪಾಲಿಕೆಯ ಹೆಸರಿನಲ್ಲಿರುವ ದೊಡ್ಡ ಜಮೀನೊಂದನ್ನು ಕಾರ್ಪೊರೇಟ್ ಡೆವಲಪರ್ ಕಂಪನಿಗೆ ಮಾರುವ ಪ್ರಸ್ತಾವ ಸಭೆಯ ಮುಂದೆ ಬಂದ ಕೂಡಲೇ ಊರು ಎರಡು ಬಣವಾಗುತ್ತದೆ. ಜಮೀನು ವರ್ಷಗಟ್ಟಲೆ ಪಾಳು ಬಿದ್ದಿದೆ, ಖಜಾನೆಯಲ್ಲಿ ಕಾಸಿಲ್ಲ, ಕಂಪನಿ ಬಂದರೆ ಮನೆಗಳೂ ಉದ್ಯೋಗವೂ ತೆರಿಗೆಯೂ ಒಟ್ಟಿಗೆ ಬರುತ್ತವೆ ಎಂಬುದು ಒಂದು ಬಣದ ವಾದ. ಜನರ ಆಸ್ತಿಯನ್ನು ಬಂಡವಾಳಗಾರರಿಗೆ ಧಾರೆ ಎರೆದು ಕೊಡಲಾಗುತ್ತಿದೆ ಎಂಬುದು ಇನ್ನೊಂದರ ವಾದ. ಎರಡರಲ್ಲೂ ಹುರುಳಿದೆ. ಆದರೆ ಈ ಹಗ್ಗಜಗ್ಗಾಟದಲ್ಲಿ, ನಷ್ಟ ನಿಜವಾಗಿ ಎಲ್ಲಿ ಆಗುತ್ತದೋ ಅಲ್ಲಿಗೆ ಯಾರ ಕಣ್ಣೂ ಹೋಗುವುದಿಲ್ಲ. ಬೇರೆ ಬೇರೆ ದೇಶಗಳ ನಗರಗಳು ಪಟ್ಟ ಪಾಡನ್ನು ನೋಡಿದರೆ, ಇಂಥ ವ್ಯವಹಾರಗಳಲ್ಲಿ ಅವು ಕೈಸುಟ್ಟುಕೊಂಡಿರುವುದು ಹೆಚ್ಚಾಗಿ ನಿರ್ಧಾರಗಳ ಸರದಿ ತಪ್ಪಿದ್ದರಿಂದ: ಜಮೀನು ಯಾತಕ್ಕೆ ಬೇಕು ಎಂದು ತೀರ್ಮಾನವಾಗುವ ಮೊದಲೇ ಕೊಳ್ಳುವವರನ್ನು ಗೊತ್ತುಮಾಡಿ, ಬೆಲೆ ಕಟ್ಟಿಸುವ ಮೊದಲೇ ಕರಾರಿಗೆ ಒಪ್ಪಿ, ಜನರಿಗೆ ತಿಳಿಸುವ ಹೊತ್ತಿಗೆ ಹಿಂದೆ ಸರಿಯಲಾಗದ ಸ್ಥಿತಿಯನ್ನು ತಂದುಕೊಂಡಿದ್ದರಿಂದ.

ನಗರಾಡಳಿತದ ಬಹುತೇಕ ತಪ್ಪುಗಳನ್ನು ಮುಂದಿನ ಆಡಳಿತ ತಿದ್ದಬಹುದು. ತೆರಿಗೆ ಹೆಚ್ಚಾಗಿದ್ದರೆ ಇಳಿಸಬಹುದು, ಕಳಪೆ ರಸ್ತೆಯನ್ನು ಕಿತ್ತು ಹಾಕಿಸಬಹುದು. ಕ್ರಯಪತ್ರ ನೋಂದಣಿಯಾದ ಜಮೀನನ್ನು ಮಾತ್ರ ಮರಳಿ ಪಡೆಯಬೇಕಾದರೆ ಅಂದಿನ ಮಾರುಕಟ್ಟೆ ದರವನ್ನೇ ತೆರಬೇಕು. ಬರ್ಲಿನ್ ಇದನ್ನು ಕಂಡುಕೊಂಡದ್ದು ದುಬಾರಿ ಬೆಲೆಗೆ. 2001ರ ಬ್ಯಾಂಕ್ ಹಗರಣದ ಬಳಿಕ ಸಾಲದಲ್ಲಿ ಮುಳುಗಿದ್ದ ಆ ನಗರ ಜಮೀನುಗಳನ್ನೂ ವಸತಿ ಸಂಸ್ಥೆಗಳನ್ನೂ ಒಂದೊಂದಾಗಿ ಮಾರತೊಡಗಿತು. 2004ರಲ್ಲಿ ಸುಮಾರು 65,000 ಮನೆಗಳಿದ್ದ ಜಿಎಸ್‌ಡಬ್ಲ್ಯು ಎಂಬ ಸಾರ್ವಜನಿಕ ವಸತಿ ಕಂಪನಿಯನ್ನು 40.5 ಕೋಟಿ ಯೂರೋಗೆ ಹೂಡಿಕೆ ನಿಧಿಗಳಿಗೆ ಕೊಟ್ಟಿತು. ಕಂಪನಿಯ ಮೇಲಿದ್ದ ನೂರೈವತ್ತು ಕೋಟಿ ಯೂರೋಗೂ ಮೀರಿದ ಸಾಲವನ್ನು ಕೊಂಡವರೇ ಹೊತ್ತುಕೊಂಡರು ಎಂಬುದನ್ನೂ ಇಲ್ಲಿ ಹೇಳಬೇಕು. ಅದನ್ನು ಬಿಟ್ಟು ಲೆಕ್ಕ ಹೇಳುವುದು ನ್ಯಾಯವಲ್ಲ. ಆದರೂ 2019ರಲ್ಲಿ ಅದೇ ನಗರದ ಇನ್ನೊಂದು ವಸತಿ ಸಂಸ್ಥೆ, ಹಿಂದೆ ಜಿಎಸ್‌ಡಬ್ಲ್ಯುಗೆ ಸೇರಿದ್ದ ಸುಮಾರು 6,000 ಮನೆಗಳನ್ನು ಮರಳಿ ಕೊಳ್ಳಲು 92 ಕೋಟಿ ಯೂರೋ ಕೊಡಬೇಕಾಯಿತು. ಹತ್ತರಲ್ಲಿ ಒಂದು ಪಾಲನ್ನೂ ಮುಟ್ಟದ ಆಸ್ತಿಗೆ, ಇಡೀ ಕಂಪನಿಗೆ ಹಿಂದೆ ಕೈಗೆ ಬಂದಿದ್ದ ನಗದಿನ ಎರಡರಷ್ಟಕ್ಕೂ ಹೆಚ್ಚು ಹಣ. ಹಿಂದಿರುಗಿಸಲಾಗದ ನಿರ್ಧಾರವಾದ್ದರಿಂದ, ಮಾರಲೇಬೇಕು ಎನ್ನುವವರ ಮೇಲೆಯೇ ಅದನ್ನು ಸಮರ್ಥಿಸುವ ಹೊಣೆ ಇರಬೇಕು ಎಂಬುದು ನನ್ನ ಅಭಿಪ್ರಾಯ. ರೂಢಿಯಲ್ಲಿ ಇದು ತಿರುವುಮುರುವಾಗಿದೆ: ಮಾರಬೇಡಿ ಎನ್ನುವವರೇ ಪುರಾವೆ ಹೊತ್ತು ಅಲೆಯಬೇಕಾಗಿದೆ.

ಹಾಗೆಂದು ಮಾರಾಟದ ಪರವಾಗಿರುವವರನ್ನೆಲ್ಲ ಅನುಮಾನದಿಂದ ನೋಡುವುದು ತಪ್ಪು. ಪಾಳು ಜಮೀನಿಗೂ ಖರ್ಚಿದೆ. ಕಾವಲು ಬೇಕು, ಒತ್ತುವರಿಯ ವಿರುದ್ಧ ವರ್ಷಗಟ್ಟಲೆ ವ್ಯಾಜ್ಯ ನಡೆಸಬೇಕು, ಆ ಜಾಗದಿಂದ ತೆರಿಗೆಯೂ ಬರುವುದಿಲ್ಲ. ಸಾವಿರ ಮನೆ ಕಟ್ಟಿಸುವಷ್ಟು ಬಂಡವಾಳವಾಗಲಿ ತಾಂತ್ರಿಕ ಸಿಬ್ಬಂದಿಯಾಗಲಿ ಬಹಳಷ್ಟು ಪಾಲಿಕೆಗಳಲ್ಲಿಲ್ಲ. ಜರ್ಮನಿಯ ಡ್ರೆಸ್ಡನ್ ನಗರ 2006ರಲ್ಲಿ ತನ್ನ ಸುಮಾರು 48,000 ಮನೆಗಳನ್ನೂ ಒಂದೇ ಬಾರಿಗೆ ಮಾರಿ ಸಾಲವನ್ನು ಪೂರ್ತಿ ತೀರಿಸಿಕೊಂಡಿತು. ಬಡ್ಡಿಗೆ ಹೋಗುತ್ತಿದ್ದ ಹಣ ಉಳಿದದ್ದು ಸುಳ್ಳಲ್ಲ. ಆದರೆ 2017ರಲ್ಲಿ ಅದೇ ನಗರ ಹೊಸದಾಗಿ ಒಂದು ಪೌರ ವಸತಿ ಕಂಪನಿಯನ್ನು ಕಟ್ಟಬೇಕಾಯಿತು, ಏಕೆಂದರೆ ಕಡಿಮೆ ಆದಾಯದವರಿಗೆ ಮನೆ ಕೊಡುವ ಹೊಣೆ ಮನೆಗಳ ಜೊತೆಗೆ ಮಾರಾಟವಾಗಿರಲಿಲ್ಲ.

ಮಾರಾಟದ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯಲ್ಲಿ ಹೆಚ್ಚು ಚರ್ಚೆಗೆ ಜಾಗವೇ ಇಲ್ಲ. ಒಮ್ಮೆ ಮಾತ್ರ ಬರುವ ಹಣದಿಂದ ಪ್ರತಿ ವರ್ಷದ ಸಂಬಳ, ವಿದ್ಯುತ್ ಬಿಲ್ಲು ಕಟ್ಟಿದರೆ ಮರುವರ್ಷ ಇನ್ನೊಂದು ಜಮೀನನ್ನು ಹುಡುಕಬೇಕಾಗುತ್ತದೆ. ಚೀನಾದ ಸ್ಥಳೀಯ ಸರ್ಕಾರಗಳು ಜಮೀನಿನ ಬಳಕೆಯ ಹಕ್ಕುಗಳನ್ನು ಮಾರಿ 2021ರಲ್ಲಿ ಗಳಿಸಿದ್ದು ಸುಮಾರು 8.7 ಲಕ್ಷ ಕೋಟಿ ಯುವಾನ್. 2024ರ ಹೊತ್ತಿಗೆ ಅದು 5 ಲಕ್ಷ ಕೋಟಿಗಿಂತ ಕೆಳಗಿಳಿದು, ಆ ಆದಾಯವನ್ನೇ ನೆಚ್ಚಿಕೊಂಡಿದ್ದ ಊರುಗಳು ಸಾಲ ತೀರಿಸಲಾಗದೆ ಒದ್ದಾಡಿದವು. ಸಿಂಗಪುರ ಇದಕ್ಕೆ ಕಟ್ಟುನಿಟ್ಟಾದ ತಡೆ ಹಾಕಿಕೊಂಡಿದೆ. ಅಲ್ಲಿ ಸರ್ಕಾರಿ ಜಮೀನನ್ನು ಸಾಮಾನ್ಯವಾಗಿ 99 ವರ್ಷದ ಗುತ್ತಿಗೆಗೆ ಮಾತ್ರ ಕೊಡಲಾಗುತ್ತದೆ, ಬಂದ ಮೊತ್ತ ಮೀಸಲು ನಿಧಿಗೆ ಸೇರುತ್ತದೆ, ಅಧಿಕಾರದಲ್ಲಿರುವ ಸರ್ಕಾರ ಅದನ್ನು ತನ್ನ ಆಯವ್ಯಯದಲ್ಲಿ ನೇರವಾಗಿ ಖರ್ಚು ಮಾಡುವಂತಿಲ್ಲ. ಜಮೀನು ಮಾರುವವರಿಗೆ ಆ ಹಣ ಖರ್ಚು ಮಾಡುವ ಅವಕಾಶವಿಲ್ಲದಿದ್ದರೆ ಮಾರುವ ಆತುರ ತಾನಾಗಿಯೇ ಇಳಿಯುತ್ತದೆ.

ಇನ್ನು ಬೆಲೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಸಭೆಯಲ್ಲಿ ಕೈ ಎತ್ತುವ ಸದಸ್ಯರಲ್ಲಿ ಎಷ್ಟೋ ಜನರಿಗೆ ಮೌಲ್ಯಮಾಪನದ ವರದಿ ಹೇಗೆ ತಯಾರಾಗುತ್ತದೆ ಎಂಬುದನ್ನು ಯಾರೂ ವಿವರಿಸಿರುವುದಿಲ್ಲ. ದೊಡ್ಡ ಜಮೀನಿನ ಬೆಲೆಯನ್ನು ಪಕ್ಕದ ನಿವೇಶನದ ದರಕ್ಕೆ ಹೋಲಿಸಿ ಕಟ್ಟುವುದು ಕಷ್ಟವಾದ್ದರಿಂದ, ಡೆವಲಪರ್‌ಗಳೂ ಮೌಲ್ಯಮಾಪಕರೂ ಸಾಮಾನ್ಯವಾಗಿ ಹಿಂದುಮುಂದಾದ ಲೆಕ್ಕವೊಂದನ್ನು ಹಾಕುತ್ತಾರೆ. ಅಲ್ಲಿ ಕಟ್ಟಬಹುದಾದ ಮನೆ, ಕಚೇರಿ, ಮಳಿಗೆಗಳನ್ನೆಲ್ಲ ಮಾರಿದರೆ ಬರುವ ಮೊತ್ತ 100 ಎಂದು ಇಟ್ಟುಕೊಳ್ಳೋಣ. ನಿರ್ಮಾಣ, ಬಡ್ಡಿ, ಶುಲ್ಕಗಳೆಲ್ಲ ಸೇರಿ 62. ಕಂಪನಿಯ ಲಾಭ ಮಾರಾಟದ ಮೊತ್ತದ ಶೇ. 18. ಇವೆರಡನ್ನೂ ಕಳೆದರೆ ಉಳಿಯುವ 20 ಜಮೀನಿನ ಬೆಲೆ. ಈಗ ಮನೆಗಳ ದರ ಕೇವಲ ಶೇ. 10ರಷ್ಟು ಹೆಚ್ಚು ಎಂದು ಎಣಿಸಿದರೆ ಬರುವ ಮೊತ್ತ 110, ಖರ್ಚು ಅದೇ 62, ಲಾಭ 19.8, ಜಮೀನಿಗೆ ಉಳಿಯುವುದು 28.2. ಮನೆಯ ದರ ಶೇ. 10 ಏರಿದ್ದಕ್ಕೆ ಜಮೀನಿನ ಬೆಲೆ ಶೇ. 41 ಏರಿತು. ದರ ಅಷ್ಟೇ ಕಡಿಮೆ ಎಂದು ತೋರಿಸಿದರೆ ಜಮೀನಿನ ಬೆಲೆ 11.8ಕ್ಕೆ ಕುಸಿಯುತ್ತದೆ. ಎರಡೂ ಊಹೆಗಳಿಗೆ ಮಾರುಕಟ್ಟೆಯಿಂದ ಒಂದಿಷ್ಟು ಸಮರ್ಥನೆ ಹುಡುಕಿ ಕೊಡಬಹುದು, ಎರಡಕ್ಕೂ ಪರಿಣತರ ಸಹಿ ಬೀಳಬಹುದು. ಒಂದೇ ಜಮೀನಿಗೆ 11.8 ಎಂದೂ 28.2 ಎಂದೂ ಪ್ರಾಮಾಣಿಕವಾಗಿಯೇ ವಾದಿಸಬಹುದಾದ ಲೆಕ್ಕವನ್ನು ಕೊಳ್ಳುವ ಕಂಪನಿ ನೇಮಿಸಿದ ಸಂಸ್ಥೆಯೊಂದೇ ತಯಾರಿಸಿದ್ದರೆ, ಅದನ್ನು ಪಾಲಿಕೆಯ ಪರವಾಗಿ ಇನ್ನೊಬ್ಬರು ಸಾಲುಸಾಲಾಗಿ ಪರಿಶೀಲಿಸದೆ ಒಪ್ಪುವುದು ಕಣ್ಣು ಮುಚ್ಚಿ ಸಹಿ ಹಾಕಿದಂತೆ.

ಕಟ್ಟಡದ ಅನುಮತಿಯ ವಿಷಯದಲ್ಲಿ ಪಾಲಿಕೆಗೆ ಇನ್ನೂ ದೊಡ್ಡ ಹಿಡಿತವಿದೆ. ಜಮೀನಿನ ಮೇಲೆ ಎಷ್ಟು ವಿಸ್ತೀರ್ಣ ಕಟ್ಟಬಹುದು, ವಸತಿಗೋ ವಾಣಿಜ್ಯಕ್ಕೋ ಎಂಬುದನ್ನು ತೀರ್ಮಾನಿಸುವುದು ಅನೇಕ ಕಡೆ ಮಾರುವ ಸಂಸ್ಥೆಯೇ, ಅಥವಾ ಅದರ ಮೇಲಿನ ಸರ್ಕಾರ. ಕಟ್ಟಬಹುದಾದ ವಿಸ್ತೀರ್ಣ ಇಮ್ಮಡಿಯಾದರೆ ಮೇಲಿನ ಲೆಕ್ಕದಲ್ಲಿ ಎಲ್ಲವೂ ಇಮ್ಮಡಿಯಾಗಿ ಜಮೀನಿನ ಬೆಲೆ 40 ಆಗುತ್ತದೆ. ಮೊದಲು ಭೂಬಳಕೆ ಬದಲಿಸಿ ನಂತರ ಮಾರಿದರೆ ಆ 40 ನಗರಕ್ಕೆ ಬರುತ್ತದೆ. ಹಳೆಯ ಅನುಮತಿಯ ಮೇಲೆ 20ಕ್ಕೆ ಮಾರಿ, ಎರಡು ವರ್ಷದ ನಂತರ ಕಂಪನಿಯ ಅರ್ಜಿಯ ಮೇರೆಗೆ ಹೆಚ್ಚುವರಿ ಅಂತಸ್ತುಗಳನ್ನು ಮಂಜೂರು ಮಾಡಿದರೆ ಉಳಿದ 20 ಸದ್ದಿಲ್ಲದೆ ಕಂಪನಿಯ ಪಾಲಾಗುತ್ತದೆ. ಯಾವ ಲೆಕ್ಕಪರಿಶೋಧನೆಯಲ್ಲೂ ಅದು ನಷ್ಟವೆಂದು ಕಾಣುವುದಿಲ್ಲ, ಏಕೆಂದರೆ ಕ್ರಯಪತ್ರದ ದಿನ ಬೆಲೆ ಸರಿಯಾಗಿಯೇ ಇತ್ತು. ಈ ಒಂದು ಸರದಿಯ ವ್ಯತ್ಯಾಸದಲ್ಲಿ ಕಳೆದುಹೋಗುವ ಹಣ, ಲಂಚದ ಆರೋಪಗಳಲ್ಲಿ ಕೇಳಿಬರುವ ಮೊತ್ತಗಳಿಗಿಂತ ಎಷ್ಟೋ ದೊಡ್ಡದಿರಬಹುದು. ಆದ್ದರಿಂದ ಸಭೆಯಲ್ಲಿ ಮೊಟ್ಟಮೊದಲು ಕೇಳಬೇಕಾದ್ದು ಬೆಲೆ ಎಷ್ಟು ಎಂದಲ್ಲ, ಯಾವ ಅನುಮತಿಯನ್ನು ಆಧರಿಸಿ ಈ ಬೆಲೆ ಕಟ್ಟಲಾಗಿದೆ ಎಂದು.

ಲಂಡನ್ನಿನ ಸದರ್ಕ್ ಪ್ರದೇಶದ ಹೇಗೇಟ್ ವಸತಿ ಸಮುಚ್ಚಯದ ಪ್ರಕರಣ ಇಂಥ ವ್ಯವಹಾರದ ಒಳಗುಟ್ಟನ್ನು ಹೊರಗೆ ತಂದುದು ಒಂದು ಕಚೇರಿ ಎಡವಟ್ಟಿನಿಂದ. ಒಂಬತ್ತು ಹೆಕ್ಟೇರಿನಷ್ಟಿದ್ದ ಆ ಜಾಗದಲ್ಲಿ ಸ್ಥಳೀಯ ಸಂಸ್ಥೆಗೆ ಸೇರಿದ ಸಾವಿರಕ್ಕೂ ಹೆಚ್ಚು ಮನೆಗಳಿದ್ದವು. ಅದನ್ನು ಲೆಂಡ್‌ಲೀಸ್ ಎಂಬ ಬಹುರಾಷ್ಟ್ರೀಯ ಕಂಪನಿಗೆ ಕೊಡುವ ಕರಾರಿನ ಹಣಕಾಸಿನ ವಿವರಗಳನ್ನು ವಾಣಿಜ್ಯ ಗೋಪ್ಯತೆಯ ಹೆಸರಿನಲ್ಲಿ ಮುಚ್ಚಿಡಲಾಗಿತ್ತು. 2013ರಲ್ಲಿ ಪ್ರಕಟಿಸಿದ ದಾಖಲೆಯೊಂದರಲ್ಲಿ ಗೋಪ್ಯ ಭಾಗಗಳನ್ನು ಮರೆಮಾಡುವ ಕೆಲಸ ಸರಿಯಾಗಿ ಆಗಿರಲಿಲ್ಲವಾದ್ದರಿಂದ ಅಂಕಿಗಳು ಬಯಲಾದವು: ಜಮೀನಿನ ಬೆಲೆ 5 ಕೋಟಿ ಪೌಂಡ್, ನಿವಾಸಿಗಳನ್ನು ತೆರವುಗೊಳಿಸಿ ಜಾಗ ಖಾಲಿ ಮಾಡಿಸಲು ಸ್ಥಳೀಯ ಸಂಸ್ಥೆ ಅದಾಗಲೇ ಖರ್ಚು ಮಾಡಿದ್ದು 4.4 ಕೋಟಿ ಪೌಂಡ್. ಅದೇ ವರ್ಷ ಒಪ್ಪಿಗೆ ಪಡೆದ ಯೋಜನೆಯಲ್ಲಿ ಹೊಸದಾಗಿ ಕಟ್ಟುವ ಸುಮಾರು 2,500 ಮನೆಗಳ ಪೈಕಿ ಹಿಂದಿನಂಥ ಕಡಿಮೆ ಬಾಡಿಗೆಯವು ನೂರಕ್ಕಿಂತ ಕಡಿಮೆ. ಸ್ಥಳೀಯ ನೀತಿಯ ಪ್ರಕಾರ ಶೇ. 35ರಷ್ಟು ಮನೆಗಳು ಕೈಗೆಟಕುವ ದರದವಾಗಿರಬೇಕಿತ್ತು. ಅಷ್ಟು ಕೊಟ್ಟರೆ ಲಾಭ ಗಿಟ್ಟುವುದಿಲ್ಲ ಎಂದು ಕಂಪನಿಯ ಕಾರ್ಯಸಾಧ್ಯತಾ ವರದಿ ಹೇಳಿತು, ಪ್ರಮಾಣ ಶೇ. 25ಕ್ಕೆ ಇಳಿಯಿತು. ಆ ವರದಿಯನ್ನು ನೋಡಬೇಕೆಂದು ನಿವಾಸಿಗಳು ಮಾಹಿತಿ ಹಕ್ಕಿನ ನ್ಯಾಯಮಂಡಳಿಯವರೆಗೆ ಹೋರಾಡಬೇಕಾಯಿತು; 2014ರಲ್ಲಿ ಮಂಡಳಿ ಅದರ ಬಹುಭಾಗವನ್ನು ಬಹಿರಂಗಪಡಿಸಬೇಕೆಂದು ಹೇಳುವಷ್ಟರಲ್ಲಿ ಅನುಮತಿ ಕೊಟ್ಟು ಆಗಿತ್ತು.

ಗೋಪ್ಯತೆಗೆ ಕಾರಣವೇ ಇಲ್ಲ ಎನ್ನಲಾಗದು. ಬಿಡ್ ನಡೆಯುವಾಗ ಒಬ್ಬರ ದರ ಇನ್ನೊಬ್ಬರಿಗೆ ಗೊತ್ತಾದರೆ ನಗರಕ್ಕೇ ನಷ್ಟ. ಆದರೆ ಬಿಡ್ ಮುಗಿದ ನಂತರವೂ ಮುಂದುವರಿಯುವ ಗೋಪ್ಯತೆ ಯಾರ ಹಿತವನ್ನು ಕಾಯುತ್ತದೆ? ಜಮೀನಿನ ಒಡೆಯರು ನಾಗರಿಕರೇ ಆಗಿರುವಾಗ, ಅವರ ಆಸ್ತಿಯ ಬೆಲೆಯನ್ನು ಅವರಿಂದಲೇ ಬಚ್ಚಿಡುವುದಕ್ಕೆ ಯಾವ ಸಮರ್ಥನೆಯೂ ನನಗೆ ಒಪ್ಪಿಗೆಯಾಗುವುದಿಲ್ಲ.

ಗೋಪ್ಯತೆಯ ಜೊತೆಗೇ ಬರುವುದು ಅವಸರ. 2008ರ ಡಿಸೆಂಬರ್‌ನಲ್ಲಿ ಷಿಕಾಗೊ ನಗರ ತನ್ನ ರಸ್ತೆಬದಿಯ ಸುಮಾರು 36,000 ಪಾರ್ಕಿಂಗ್ ಮೀಟರುಗಳನ್ನು 75 ವರ್ಷಗಳ ಮಟ್ಟಿಗೆ ಸುಮಾರು 115 ಕೋಟಿ ಡಾಲರಿಗೆ ಖಾಸಗಿ ಹೂಡಿಕೆದಾರರಿಗೆ ವಹಿಸಿಕೊಟ್ಟಿತು. ಹೆಸರಿಗೆ ಮೀಟರುಗಳಾದರೂ ಕೈಬದಲಾದದ್ದು ನಗರದ ರಸ್ತೆಬದಿಯ ನೆಲದ ಆದಾಯ. ಪ್ರಸ್ತಾವ ಬಂದ ಕೆಲವೇ ದಿನಗಳಲ್ಲಿ ನಗರ ಮಂಡಳಿ 40–5 ಮತಗಳಿಂದ ಒಪ್ಪಿತು. ಮರುವರ್ಷ ನಗರದ ಇನ್‌ಸ್ಪೆಕ್ಟರ್ ಜನರಲ್, ಅಂದರೆ ಆಡಳಿತದ ಮೇಲೆ ನಿಗಾ ಇಡುವ ಅಧಿಕಾರಿ, ಕೊಟ್ಟ ವರದಿಯ ಪ್ರಕಾರ, ಆ ಹಕ್ಕಿನ ನಿಜವಾದ ಮೌಲ್ಯಕ್ಕಿಂತ ಸುಮಾರು 97.4 ಕೋಟಿ ಡಾಲರ್ ಕಡಿಮೆ ಬಂದಿತ್ತು. ಬಂದ ಹಣದ ಬಹುಪಾಲು ಒಂದೆರಡು ವರ್ಷಗಳ ಆಯವ್ಯಯದ ಕೊರತೆ ತುಂಬುವುದರಲ್ಲೇ ಕರಗಿತು. ಹೂಡಿಕೆದಾರರು ಹದಿನೈದು ವರ್ಷ ತುಂಬುವ ಮೊದಲೇ ಹಾಕಿದ್ದನ್ನು ಮರಳಿ ಪಡೆದರು. ಇನ್ನು ಅರುವತ್ತು ವರ್ಷಗಳ ಆದಾಯವೂ ಅವರದೇ. ದುರಸ್ತಿಗೋ ಉತ್ಸವಕ್ಕೋ ರಸ್ತೆ ಮುಚ್ಚಿದರೆ ನಗರವೇ ಅವರಿಗೆ ಪರಿಹಾರ ಕೊಡಬೇಕೆಂಬ ಷರತ್ತೂ ಕರಾರಿನಲ್ಲಿದೆ. ಮುಕ್ಕಾಲು ಶತಮಾನವನ್ನು ಕಟ್ಟಿಹಾಕುವ ಕಾಗದವನ್ನು ಓದಲು ಸದಸ್ಯರಿಗೆ ಒಂದು ವಾರವೂ ಸಿಗಲಿಲ್ಲ. ಈ ಕೊಡುಗೆ ಈ ತಿಂಗಳ ಕೊನೆಯವರೆಗೆ ಮಾತ್ರ ಎಂದು ಕಂಪನಿ ಹೇಳಿದರೆ ಸಭೆ ಅದನ್ನು ನಿರಾಕರಿಸಲು ಅಷ್ಟೇ ಸಾಕು. ಒಳ್ಳೆಯ ಜಮೀನು ಮೂರು ತಿಂಗಳು ಕಾದರೆ ಕೆಡುವುದಿಲ್ಲ.

ಕಾನೂನು ಎಷ್ಟರಮಟ್ಟಿಗೆ ಕಾಪಾಡುತ್ತದೆ? ಸಾರ್ವಜನಿಕ ಆಸ್ತಿಯ ಮಟ್ಟಿಗೆ ಸರ್ಕಾರ ಮಾಲೀಕನಲ್ಲ, ಧರ್ಮದರ್ಶಿ ಮಾತ್ರ ಎಂಬ ತತ್ವ ಹಳೆಯದು. 1869ರಲ್ಲಿ ಷಿಕಾಗೊ ನಗರದ ಬಳಿ ಮಿಷಿಗನ್ ಸರೋವರದಂಚಿನ ಸಾವಿರ ಎಕರೆಗೂ ಹೆಚ್ಚು ಮುಳುಗಡೆ ಭೂಮಿಯನ್ನು ಇಲಿನಾಯ್ ಶಾಸನಸಭೆ ಒಂದು ರೈಲ್ವೆ ಕಂಪನಿಗೆ ಬರೆದುಕೊಟ್ಟು, ನಾಲ್ಕು ವರ್ಷಗಳ ನಂತರ ಅದನ್ನು ಹಿಂತೆಗೆದುಕೊಂಡಾಗ ಅಮೆರಿಕದ ಸುಪ್ರೀಂ ಕೋರ್ಟ್ 1892ರಲ್ಲಿ ಹಿಂತೆಗೆತವನ್ನೇ ಎತ್ತಿಹಿಡಿಯಿತು. ಭಾರತದಲ್ಲಿ ಇನ್ನಷ್ಟು ಹತ್ತಿರದ ಉದಾಹರಣೆಯಿದೆ. ಲಖನೌ ಮಹಾಪಾಲಿಕೆ 1993ರಲ್ಲಿ ನಗರದ ಚಾರಿತ್ರಿಕ ಉದ್ಯಾನವೊಂದರ ಕೆಳಗೆ ಮಾರುಕಟ್ಟೆ ಕಟ್ಟಲು ಟೆಂಡರನ್ನೂ ಕರೆಯದೆ ಬಿಲ್ಡರ್ ಒಬ್ಬರ ಜೊತೆ ಕರಾರು ಮಾಡಿಕೊಂಡಿತ್ತು. 1999ರಲ್ಲಿ ಸುಪ್ರೀಂ ಕೋರ್ಟ್ ಆ ಕರಾರನ್ನು ರದ್ದುಪಡಿಸಿ, ಕಟ್ಟಿದ್ದನ್ನು ಕೆಡವಿ ಉದ್ಯಾನವನ್ನು ಮೊದಲಿನಂತೆ ಮಾಡಬೇಕೆಂದು ಆದೇಶಿಸಿತು. ಆದರೆ ಅಲ್ಲಿ ಇದ್ದದ್ದು ಉದ್ಯಾನ, ನಡೆದದ್ದು ಬೆತ್ತಲೆ ಪಕ್ಷಪಾತ. ಖಾಲಿ ನಿವೇಶನವನ್ನು ನಿಯಮದ ಪ್ರಕಾರವೇ ಟೆಂಡರ್ ಕರೆದು, ಕೆಟ್ಟ ಷರತ್ತುಗಳಿಗೆ ಮಾರಿದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಬುದ್ಧಿವಂತಿಕೆಯ ಕೊರತೆಗೆ ನ್ಯಾಯಾಲಯದಲ್ಲಿ ಪರಿಹಾರವಿಲ್ಲದ ಕಾರಣ ಸಭೆಯ ಚರ್ಚೆಯೇ ಕೊನೆಯ ರಕ್ಷಣೆ.

ಅತಿ ಹೆಚ್ಚು ಬೆಲೆ ಕೂಗಿದವರಿಗೆ ಕೊಟ್ಟುಬಿಟ್ಟರೆ ಎಲ್ಲವೂ ಸರಿಯಾಗುತ್ತದೆಯೇ ಎಂದರೆ, ಅದೂ ಇಲ್ಲ. ಹರಾಜೊಂದೇ ಸಂವಿಧಾನಬದ್ಧ ಮಾರ್ಗವಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರಪತಿಗಳಿಗೆ ಕೊಟ್ಟ ಅಭಿಪ್ರಾಯದಲ್ಲಿ ಹೇಳಿದೆ. ಇಂಗ್ಲೆಂಡಿನಲ್ಲಿ 1972ರ ಸ್ಥಳೀಯ ಸರ್ಕಾರ ಕಾಯ್ದೆ ಸಿಗಬಹುದಾದ ಅತ್ಯುತ್ತಮ ಬೆಲೆಗೇ ಮಾರಬೇಕೆಂದು ವಿಧಿಸುತ್ತದೆ. ಆದರೆ 2003ರಿಂದ ಸಾಮಾಜಿಕ, ಆರ್ಥಿಕ ಅಥವಾ ಪರಿಸರದ ಒಳಿತಿಗಾಗಿ 20 ಲಕ್ಷ ಪೌಂಡ್‌ವರೆಗೆ ಬೆಲೆ ಬಿಟ್ಟುಕೊಡಲು ಅವಕಾಶವಿದೆ. ಅತಿ ಹೆಚ್ಚು ಬೆಲೆ ತೆತ್ತ ಕಂಪನಿ ಅದನ್ನು ಮನೆ ಕೊಳ್ಳುವವರಿಂದಲೇ ವಸೂಲು ಮಾಡಬೇಕು, ಆದ್ದರಿಂದ ಅಗ್ಗದ ಮನೆ ಬೇಕಾದ ಕಡೆ ಗರಿಷ್ಠ ಬೆಲೆಯ ಹರಾಜು ಉದ್ದೇಶವನ್ನೇ ಸೋಲಿಸುತ್ತದೆ. ವಿಯೆನ್ನಾ ನಗರ 1995ರಿಂದ ದೊಡ್ಡ ವಸತಿ ಜಮೀನುಗಳಿಗೆ ಡೆವಲಪರ್‌ಗಳ ನಡುವೆ ಸ್ಪರ್ಧೆ ನಡೆಸಿ, ವಾಸ್ತುಶಿಲ್ಪ, ವೆಚ್ಚ, ಪರಿಸರ ಮುಂತಾದವನ್ನು ತೂಗಿ ಆಯ್ಕೆ ಮಾಡುತ್ತದೆ. ಹ್ಯಾಂಬರ್ಗ್ ತನ್ನ ಹಳೆಯ ಬಂದರು ಪ್ರದೇಶದಲ್ಲಿ ಆಯ್ಕೆಯಾದ ಡೆವಲಪರ್‌ಗೆ ಮೊದಲು ಜಮೀನನ್ನು ಕಾದಿರಿಸಿ ಕೊಡುತ್ತದೆ. ಯೋಜನೆ ಸಿದ್ಧವಾಗಿ ಅನುಮತಿ ಪಡೆಯುವವರೆಗೆ ಜಮೀನಿನ ಒಡೆತನ ನಗರದ ಬಳಿಯೇ ಇರುತ್ತದೆ, ಕಂಪನಿ ಕಾಲಹರಣ ಮಾಡಿದರೆ ಬೇರೆಯವರಿಗೆ ಕೊಡಬಹುದು. ಇಂಥ ವ್ಯವಸ್ಥೆಯಲ್ಲಿ ಅಂಕ ಹಾಕುವವರ ಮೇಲೆ ಒತ್ತಡ ಬರುವ ಅಪಾಯ ಇದ್ದೇ ಇದೆ, ಹಾಗಾಗಿ ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಟೆಂಡರ್ ಕರೆಯುವ ಮೊದಲೇ ಪ್ರಕಟಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಒಡೆತನವನ್ನೇ ಬಿಟ್ಟುಕೊಡಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಆಮ್‌ಸ್ಟರ್‌ಡ್ಯಾಮ್ 1896ರಿಂದಲೇ ತನ್ನ ಜಮೀನನ್ನು ಮಾರುವ ಬದಲು ಗುತ್ತಿಗೆಗೆ ಕೊಡುವ ನೀತಿ ಹಿಡಿಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮತದಾರರು 2016ರಲ್ಲಿ ಮೂರನೇ ಎರಡರಷ್ಟು ಬಹುಮತದಿಂದ ಸಾರ್ವಜನಿಕ ಜಮೀನನ್ನು ತಾತ್ವಿಕವಾಗಿ ಮಾರಬಾರದು, ಗುತ್ತಿಗೆಗೆ ಮಾತ್ರ ಕೊಡಬೇಕು ಎಂದು ತೀರ್ಮಾನಿಸಿದರು. ಗುತ್ತಿಗೆಯಲ್ಲಿ ಕಂಪನಿ ಕಟ್ಟುತ್ತದೆ, ಮಾರುತ್ತದೆ, ಲಾಭ ಪಡೆಯುತ್ತದೆ. ನಗರಕ್ಕೆ ವರ್ಷವರ್ಷ ನೆಲಬಾಡಿಗೆ ಬರುತ್ತದೆ, ಜಮೀನಿನ ಬೆಲೆ ಏರಿದಂತೆ ಅದರ ಪಾಲೂ ಏರುತ್ತದೆ, ಅವಧಿ ಮುಗಿದ ಮೇಲೆ ಮುಂದಿನ ತಲೆಮಾರು ಹೊಸದಾಗಿ ಯೋಚಿಸಬಹುದು. ತೊಡಕುಗಳೂ ಇವೆ. ಗುತ್ತಿಗೆಯ ಉಳಿಕೆ ಅವಧಿ ಕಡಿಮೆಯಾದಂತೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ, ಕಟ್ಟಡದ ನಿರ್ವಹಣೆಗೆ ಯಾರೂ ಹಣ ಹಾಕುವುದಿಲ್ಲ. ಬಾಡಿಗೆ ಪರಿಷ್ಕರಣೆಯ ದಿನ ಬಂದಾಗ ದರ ಒಮ್ಮೆಲೇ ಹಲವು ಪಟ್ಟು ಏರಿ ಮನೆಯವರು ಬೀದಿಗಿಳಿಯುತ್ತಾರೆ. ಆಮ್‌ಸ್ಟರ್‌ಡ್ಯಾಮ್ ಇದೇ ಅಸಮಾಧಾನದ ನಡುವೆ 2016ರಲ್ಲಿ ಶಾಶ್ವತ ಗುತ್ತಿಗೆಯ ಪದ್ಧತಿಗೆ ಹೊರಳಿತು. ದೀರ್ಘ ಅಂತರದ ಪರಿಷ್ಕರಣೆಯ ಬದಲು ಪ್ರತಿ ವರ್ಷ ಬೆಲೆಯೇರಿಕೆಗೆ ಅನುಗುಣವಾಗಿ ಸ್ವಲ್ಪಸ್ವಲ್ಪ ಏರುವ ಬಾಡಿಗೆ ಇಟ್ಟರೆ ಈ ಸಂಕಟ ಬಹುಮಟ್ಟಿಗೆ ತಪ್ಪುತ್ತದೆ. ತೊಡಕುಗಳನ್ನು ತೂಗಿ ನೋಡಿದಾಗಲೂ ನಾನು ಗುತ್ತಿಗೆಯ ಪರ. ಯಾರಿಗೂ ಬೇರೆಯಾಗಿ ಉಪಯೋಗಕ್ಕೆ ಬಾರದ ತುಂಡು ಜಾಗ, ಪಕ್ಕದ ನಿವೇಶನಕ್ಕೆ ಸೇರಿಸಿದರೆ ಮಾತ್ರ ಅರ್ಥವಿರುವ ಅಂಚುಗಳನ್ನು ಮಾರಿದರೆ ತಕರಾರಿಲ್ಲ. ಕೇಂದ್ರ ಭಾಗದ ದೊಡ್ಡ ಜಮೀನಿಗೆ ಮಾರಾಟ ಕಟ್ಟಕಡೆಯ ದಾರಿಯಾಗಬೇಕು.

ವಿರೋಧಿಸುವವರಿಗೂ ಒಂದು ಮಾತು. ಬರ್ಲಿನ್ನಿನ ಟೆಂಪೆಲ್‌ಹಾಫ್ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿದ ಮೇಲೆ 300 ಹೆಕ್ಟೇರಿಗೂ ಹೆಚ್ಚಿನ ಆ ಬಯಲಿನ ಅಂಚುಗಳಲ್ಲಿ ಸಾವಿರಾರು ಮನೆ ಕಟ್ಟುವ ನಗರದ ಯೋಜನೆಯನ್ನು 2014ರ ಜನಮತಗಣನೆಯಲ್ಲಿ ಜನ ತಳ್ಳಿಹಾಕಿದರು. ಬಯಲು ಉಳಿಯಿತು, ಇಂದಿಗೂ ಸಾವಿರಾರು ಜನ ಅಲ್ಲಿ ನಡೆದಾಡುತ್ತಾರೆ. ಅದೇ ಹೊತ್ತಿನಲ್ಲಿ ನಗರದ ಮನೆ ಬಾಡಿಗೆ ಏರುತ್ತಲೇ ಹೋಗಿ, ಆ ಯೋಜನೆಯ ಚರ್ಚೆ ಮತ್ತೆ ಮತ್ತೆ ತಲೆ ಎತ್ತುತ್ತಿದೆ. ಬೇಡ ಎಂಬ ಉತ್ತರಕ್ಕೂ ಬೆಲೆ ಇದೆ, ಅದನ್ನು ತೆರುವವರು ಸಭೆಗೆ ಬಂದು ಮಾತಾಡುವವರಲ್ಲ, ಇನ್ನೂ ಮನೆ ಸಿಗದವರು. ಮಾರಾಟವನ್ನು ತಡೆಯಬೇಕೆನ್ನುವವರು ಆ ಜಮೀನಿನಲ್ಲಿ ಏನಾಗಬೇಕು, ಯಾರ ಹಣದಿಂದ ಆಗಬೇಕು ಎಂಬುದನ್ನೂ ಕಾಗದದ ಮೇಲೆ ಇಡಬೇಕು.

ಕೊನೆಗೂ ಮಾರಲು ತೀರ್ಮಾನವಾದರೆ, ಸಭೆಯಲ್ಲಿ ಕಂಪನಿ ಕೊಟ್ಟ ಭರವಸೆಗಳಲ್ಲಿ ಕ್ರಯಪತ್ರದೊಳಗೆ ಷರತ್ತಾಗಿ ಇಳಿದವು ಮಾತ್ರ ಲೆಕ್ಕಕ್ಕೆ ಬರುತ್ತವೆ. ನಿಗದಿತ ಅವಧಿಯಲ್ಲಿ ಕಟ್ಟದಿದ್ದರೆ ಜಮೀನು ಮೂಲ ಬೆಲೆಗೇ ನಗರಕ್ಕೆ ಮರಳಬೇಕು. ಮುಂದೆ ಹೆಚ್ಚುವರಿ ವಿಸ್ತೀರ್ಣಕ್ಕೆ ಅನುಮತಿ ಸಿಕ್ಕರೆ ಅಥವಾ ಲಾಭ ಅಂದಾಜನ್ನು ಮೀರಿದರೆ ನಗರಕ್ಕೆ ಪಾಲು ಸಿಗಬೇಕು. ಅಗ್ಗದ ಮನೆಗಳು ಕೊನೆಯ ಹಂತಕ್ಕೆ ಉಳಿಯದೆ ಮೊದಲ ಹಂತದಲ್ಲೇ ಏಳಬೇಕು. ಮರುಮಾರಾಟದ ಷರತ್ತು ಬರೆಯುವಾಗ ಒಂದು ವಿಷಯಕ್ಕೆ ವಿಶೇಷ ಗಮನ ಬೇಕು: ದೊಡ್ಡ ಡೆವಲಪರ್‌ಗಳು ಪ್ರತಿ ಜಮೀನಿಗೂ ಒಂದು ಪ್ರತ್ಯೇಕ ಕಂಪನಿಯನ್ನು ಹುಟ್ಟುಹಾಕಿ ಅದರ ಹೆಸರಿನಲ್ಲಿ ಕೊಳ್ಳುತ್ತಾರೆ. ಆಮೇಲೆ ಜಮೀನನ್ನು ಮುಟ್ಟದೆ ಆ ಕಂಪನಿಯ ಷೇರುಗಳನ್ನು ಮಾರಿದರೆ, ದಾಖಲೆಯಲ್ಲಿ ಜಮೀನಿನ ಒಡೆಯರು ಬದಲಾಗಿಯೇ ಇರುವುದಿಲ್ಲ, ಮರುಮಾರಾಟದ ಷರತ್ತು ಅನ್ವಯವಾಗುವುದೂ ಇಲ್ಲ. ಕಂಪನಿಯ ನಿಯಂತ್ರಣ ಕೈಬದಲಾದರೂ ಮಾರಾಟವೆಂದೇ ಪರಿಗಣಿಸತಕ್ಕದ್ದು ಎಂಬ ಒಂದು ಸಾಲು ಇಲ್ಲದ ಕ್ರಯಪತ್ರಕ್ಕೆ ಯಾವ ಸದಸ್ಯರೂ ಒಪ್ಪಬಾರದು.

ಷರತ್ತು ಬರೆದರೆ ಸಾಲದು, ಅದನ್ನು ನೆನಪಿಟ್ಟುಕೊಳ್ಳುವವರೂ ಬೇಕು. ಐದನೇ ವರ್ಷದ ಗಡುವು ಬರುವ ಹೊತ್ತಿಗೆ ಮತ ಹಾಕಿದ ಸದಸ್ಯರು ಸೋತಿರಬಹುದು, ಕಡತ ನೋಡಿಕೊಳ್ಳುತ್ತಿದ್ದ ಅಧಿಕಾರಿ ವರ್ಗವಾಗಿರಬಹುದು, ಆದರೆ ಕಂಪನಿಯ ಕಾನೂನು ವಿಭಾಗದಲ್ಲಿ ಆ ದಿನಾಂಕ ಅಚ್ಚಾಗಿರುತ್ತದೆ. ಗಡುವಿನೊಳಗೆ ನೋಟಿಸ್ ಕೊಡದಿದ್ದರೆ ಜಮೀನನ್ನು ಮರಳಿ ಪಡೆಯುವ ಹಕ್ಕು ತಾನಾಗಿ ಬಿದ್ದುಹೋಗುವಂತೆ ಎಷ್ಟೋ ಕರಾರುಗಳನ್ನು ಬರೆಯಲಾಗುತ್ತದೆ. ಮಾರಿದ ಪ್ರತಿ ಜಮೀನಿನ ಷರತ್ತುಗಳು, ಅವುಗಳ ಗಡುವು, ಯಾವ ಹುದ್ದೆಯವರು ನೋಟಿಸ್ ಕೊಡಬೇಕು ಎಂಬ ವಿವರವುಳ್ಳ ಪಟ್ಟಿಯೊಂದನ್ನು ಪ್ರತಿ ವರ್ಷ ಆಯವ್ಯಯದ ಜೊತೆಗೆ ಸಭೆಯ ಮುಂದಿಟ್ಟು ಪ್ರಕಟಿಸುವ ನಿಯಮವನ್ನು ಮಾರಾಟಕ್ಕೆ ಒಪ್ಪಿಗೆ ಕೊಡುವ ಠರಾವಿನಲ್ಲೇ ಸೇರಿಸಬೇಕು.